ಮೊದಲ ನೀವು ಉಣ್ರಿ

ಗಲಗಲಿಯ ಹೊಳೆದಂಡೆಗೆ ಹತ್ತಿರವಿದ್ದ ತನ್ನ ಮನೆಯ ಮೇಲಿನ ಕೋಣೆಯನ್ನು ಶಿದ್ರಾಮಪ್ಪ ರಜೆಗೆ ಬರುವವರಿಗೆ ಬಾಡಿಗೆಗೆ ಕೊಡತೊಡಗಿದ. ಜೊತೆಗೆ ಮನೆಯೂಟವನ್ನೂ ಸೇರಿಸಿದ. ಸೇರಿಸಲು ಅವನಿಗೇನು ಕಷ್ಟ? ರೊಟ್ಟಿ ಬಡಿಯುವವಳು ಸೊಸೆ ತಾರವ್ವ.

ಬಂದವರು ಉಣ್ಣುವ ತನಕ ಮನೆಯವರು ತುತ್ತು ಮುಟ್ಟಬಾರದೆಂಬುದು ಅತ್ತೆ ಶಂಕ್ರೆವ್ವನ ಕಟ್ಟಳೆ. ಬಸುರಿಗೂ ಇದು ಅನ್ವಯಿಸುತ್ತದೆಯೇ ಎಂದು ತಾರವ್ವ ಕೇಳಲಿಲ್ಲ. ಕೇಳುವ ಬಾಯಿ ಅವಳದಲ್ಲ. ಕಟ್ಟಳೆ ಶಿದ್ರಾಮಪ್ಪನಿಗೂ ಇತ್ತು. ಆದರೆ ಹೊತ್ತು ನೆತ್ತಿಗೇರುತ್ತಲೇ ಅವನಿಗೆ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನೋ ಕಾಣುವುದಿರುತ್ತಿತ್ತು. ಮರಳಿ ಬಂದಾಗ ಮೀಸೆಯಲ್ಲಿ ಭಜಿಯ ಎಣ್ಣೆ, ಮುಖದಲ್ಲಿ ಉಪವಾಸದ ತೇಜಸ್ಸು.

ಆ ಸಲ ಬಂದ ಬೆಂಗಳೂರಿನ ಗಂಡ-ಹೆಂಡತಿ ಬಹಳ ಒಳ್ಳೆಯವರು. ತೊಂದರೆಯಾದದ್ದೇ ಅದರಿಂದ.

"ಊಟಕ್ಕ ಬರ್ರಿ," ಎಂದು ತಾರವ್ವ ಮೆಟ್ಟಿಲು ಹತ್ತಿ ಕರೆದಳು.

"ನಿಮ್ಮದೆಲ್ಲ ಆಯ್ತಾ?" ಆ ಹೆಂಗಸು ಕೇಳಿದಳು.

"ಇಲ್ರಿ. ನೀವು ಉಂಡಮ್ಯಾಲ."

"ಅಯ್ಯೋ, ಈ ಸ್ಥಿತಿಯಲ್ಲಿ ನೀನು ಕಾಯೋದಾ? ಮೊದಲು ನಿಮ್ಮದಾಗಲಿ, ಆಮೇಲೆ ನಾವು."

ತಾರವ್ವ ಇಳಿದು ಬಂದು ಹೇಳಿದಳು. ಶಂಕ್ರೆವ್ವನಿಗೆ ಹಿಗ್ಗು. "ನೋಡ, ಎಂಥಾ ಮರ್ಯಾದಸ್ತರು! ನಾಚತಾರ. ಇನ್ನೊಮ್ಮಿ ಕರಿ, ಹೋಗ."

ಮತ್ತೆ ಹತ್ತಿದಳು, ಮತ್ತೆ ಇಳಿದಳು. ಮೇಲಿನವರು ಸೌಜನ್ಯ ಬಿಡಲೊಲ್ಲರು, ಕೆಳಗಿನವಳು ಮಾನ ಬಿಡಲೊಲ್ಲಳು. ಇಬ್ಬರ ದೊಡ್ಡಗುಣವನ್ನೂ ಹೊತ್ತು ಮೆಟ್ಟಿಲು ಸವೆಸಿದವಳು ತಾರವ್ವ. ಬುಟ್ಟಿಯಲ್ಲಿ ರೊಟ್ಟಿ ಸೆಟೆಯಿತು. ಎಣ್ಣಿಗಾಯಿಯ ವಾಸನೆಗೆ ಅವಳ ಕಣ್ಣು ಕತ್ತಲಿಟ್ಟವು. ಹೊಟ್ಟೆಯೊಳಗಿನ ಕೂಸು ಒದೆಯಿತು. ಅದಕ್ಕಿನ್ನೂ ಮನೆತನದ ರೀತಿ ಗೊತ್ತಿರಲಿಲ್ಲ.

"ಇನ್ನೊಮ್ಮಿ ಕರಿಬೇ," ಎಂದಳು ಶಂಕ್ರೆವ್ವ.

ತಾರವ್ವ ತಾಟು ತೆಗೆದುಕೊಂಡಳು. ಎರಡು ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ ಹಾಕಿಕೊಂಡು, ಮೇಲಿನವರಿಗೆ ಕಾಣುವಂತೆ ಕೆಳಗಿನ ಮೆಟ್ಟಿಲ ಮೇಲೆ ಕೂತು ತುತ್ತು ಮುರಿದಳು.

"ಬೇ ತಾರವ್ವಾ! ಅಲ್ಲೇನ ಮಾಡಾಕತ್ತಿ?"

"ಊಟರಿ, ಅತ್ತಿ."

ಅತ್ತೆಯ ಬಾಯಿಂದ ಮುಂದಿನ ಮಾತು ಹೊರಡುವಷ್ಟರಲ್ಲಿ ಮೇಲಿನಿಂದ ಕೂಗು ಕೇಳಿತು. "ರೀ, ಬನ್ನಿ, ಶುರು ಮಾಡಿದ್ದಾರೆ!" ಪಾಪ, ಅವರೂ ಹಸಿದಿದ್ದರು; ದಡದಡನೆ ಇಳಿದು ಬಂದರು.

ಶಂಕ್ರೆವ್ವ ಸೆರಗು ಸರಿಮಾಡಿಕೊಂಡು ನಕ್ಕಳು. "ನಮ್ಮ ಕಡೆ ಹಿಂಗ ಪದ್ಧತಿರಿ. ಬಸುರಿ ಮೊದಲ ಉಣ್ಣಬೇಕು. ನಮ್ಮ ಅತ್ತಿ, ಅವರತ್ತಿ ಕಾಲದಿಂದ ನಡದ ಬಂದದ್ದು."

"ಎಷ್ಟು ಒಳ್ಳೆಯ ಪದ್ಧತಿ!" ಎಂದಳು ಬೆಂಗಳೂರಿನವಳು.

ಅಷ್ಟು ಹಳೆಯ ಪದ್ಧತಿಯನ್ನು ತಾರವ್ವ ಅಂದೇ ಮೊದಲ ಸಲ ಕೇಳಿದ್ದಳು. ಅತ್ತೆಗೆ ಅದು ಮರೆತುಹೋಗುವ ಮುಂಚೆ ತಾಟು ಮುಂದೆ ಚಾಚಿದಳು.

"ಅತ್ತಿ, ಇನ್ನೊಂದ ರೊಟ್ಟಿ ಹಾಕ್ರಿ."