ಗುಂಡುಸೂಜಿ ಹಾಕಿದ ಹೊಲಿಗೆ

ದರ್ಜಿ ಅಜ್ಜಿಗೆ ಬುದ್ಧಿ ಕಮ್ಮಿ ಅಂತ ಯಾರೂ ಹೇಳುವ ಹಾಗಿರಲಿಲ್ಲ. ಒಂದು ಮುಷ್ಟಿ ಜಾಸ್ತಿಯೇ ಇತ್ತು, ಎಡವಟ್ಟಾಗಿದ್ದೇ ಅಲ್ಲಿ. ಮೊಮ್ಮಗಳಿಗೆ ಎಂಟು ವರ್ಷ. ಸಣ್ಣಗಿದ್ದಾಳೆ, ಚುರುಕಾಗಿದ್ದಾಳೆ ಅಂತ ಅಜ್ಜಿ ಇಟ್ಟ ಹೆಸರು ಗುಂಡುಸೂಜಿ. ಬೆಳಗ್ಗೆಯಿಂದ ಆ ಮಗು ಮೂರು ಸಲ ಪಾಠ ಒಪ್ಪಿಸಿತ್ತು.

"ನಿದ್ದೆ?"

"ಚೆನ್ನಾಗಿ ಬರತ್ತೆ."

"ಹೆದರಿಕೆ?"

"ಏನೂ ಇಲ್ಲ."

"ಯಾವ ಮುಖ ತೋರಿಸ್ತೀಯ?"

"ನಗೋ ಮುಖ."

"ಹಾಂ, ಜಾಣೆ. ಬಾಯಿ ತಪ್ಪಿ ಬೇರೆ ಏನಾದ್ರೂ ಅಂದ್ರೆ ನಿನ್ನನ್ನ ಎತ್ಕೊಂಡು ಹೋಗ್ತಾರೆ, ಅಷ್ಟೇ!"

ಎಂಟು ತಿಂಗಳ ಹಿಂದೆ ಅಜ್ಜಿಯ ಮಗಳನ್ನು, ಅಂದರೆ ಗುಂಡುಸೂಜಿಯ ತಾಯಿಯನ್ನು, ಮನಸ್ಸಿನ ಕಾಯಿಲೆ ವಿಪರೀತವಾಗಿ ಆಸ್ಪತ್ರೆ ವ್ಯಾನಿಗೆ ಹತ್ತಿಸಿದ್ದರು. ಮಗು ಬಾಗಿಲಲ್ಲಿ ನಿಂತು ನೋಡಿತ್ತು. ಅಲ್ಲಿಂದಾಚೆ ಶಾಲೆಯಲ್ಲಿ ತುಟಿ ಬಿಚ್ಚಲಿಲ್ಲ. ಶಾಲೆಯವರು ಬರೆದು ಕಳಿಸಿದರು, ಮಕ್ಕಳ ಮನಸ್ಸು ನೋಡುವ ಮೇಡಂ ಒಬ್ಬರು ಪ್ರತಿ ಮಂಗಳವಾರ ಮನೆಗೇ ಬರತೊಡಗಿದರು. ಒಳ್ಳೆಯವರೇ. ಆದರೆ ಎದುರು ಮನೆಯಾಕೆ ಮೊದಲ ದಿನವೇ ಅಜ್ಜಿಯ ಕಿವಿ ಕಚ್ಚಿದ್ದಳು: "ಮಗು ಸರಿ ಇಲ್ಲ ಅಂತ ಫೈಲಲ್ಲಿ ಬಿತ್ತು ಅಂದ್ರೆ, ಈ ಮುದುಕಿ ಕೈಲಿ ಸಾಕೋಕಾಗಲ್ಲ ಅಂತ ಅನಾಥಾಶ್ರಮಕ್ಕೆ ಸೇರಿಸ್ತಾರೆ, ನೋಡ್ತಿರು."

ಇವತ್ತು ಹನ್ನೆರಡನೇ ಮಂಗಳವಾರ, ಕೊನೆಯದು. ಇವತ್ತೂ ಎಲ್ಲ ಸರಿ ಅಂತಾದರೆ ಎರಡು ಸಹಿ ಬಿದ್ದು ಫೈಲು ಮುಚ್ಚುತ್ತದೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು.

ಎಲ್ಲ ಸರಿ ಇತ್ತಾ? ಎಲ್ಲಿಂದ ಬರಬೇಕು! ದಿನಾ ಬೆಳಗ್ಗೆ ಅಜ್ಜಿ ಕಣ್ಣು ಬಿಟ್ಟಾಗ ಅವಳ ಅಂಗಿಯ ತೋಳಿಗೆ ಮಗುವಿನ ಅಂಗಿಯ ತೋಳು ಸೇರಿಸಿ ಹೊಲಿದಿರುತ್ತಿತ್ತು. ಅಜ್ಜಿಗೆ ನಿದ್ದೆ ಹತ್ತಿದ ಮೇಲೆ ಗುಂಡುಸೂಜಿ ಮಾಡುತ್ತಿದ್ದ ಕೆಲಸ ಅದು. ಅಜ್ಜಿ ಬೈಯಲಿಲ್ಲ, ಯಾಕೆ ಅಂತ ಕೇಳಲೂ ಇಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ! ದಾರ ಬಿಚ್ಚಿ, ತೂತು ಕಾಣದ ಹಾಗೆ ಇಸ್ತ್ರಿ ಹಾಕುತ್ತಿದ್ದಳು.

ಮೇಡಂ ಬಂದರು. ಬಟ್ಟೆ ಕತ್ತರಿಸುವ ಮೇಜಿನ ಮೇಲಿದ್ದ ಯೂನಿಫಾರ್ಮ್ ಕಾಲರುಗಳನ್ನು ಪಕ್ಕಕ್ಕೆ ಸರಿಸಿ ಫೈಲು ಬಿಚ್ಚಿದರು. ಅಜ್ಜಿ ತನಗೇನೂ ಸಂಬಂಧವೇ ಇಲ್ಲದವಳ ಹಾಗೆ ಮಷೀನಿನ ಮುಂದೆ ಸ್ಟೂಲಿನಲ್ಲಿ ಕೂತಳು. ಮಗು ಅವಳ ಕಾಲಿಗೆ ಒರಗಿ ನೆಲದಲ್ಲಿ ಕೂತಿತ್ತು.

ನಿದ್ದೆ ಕೇಳಿದರು, ಹೆದರಿಕೆ ಕೇಳಿದರು. ಗಿಣಿಪಾಠ ಒಂದಕ್ಷರ ತಪ್ಪಲಿಲ್ಲ. ಮೇಜಿನ ಪಕ್ಕಕ್ಕೆ ಬಾಗಿ ಐದು ಮುಖ ಬರೆದ ಹಾಳೆ ಹಿಡಿದರು. ಪುಟ್ಟ ಬೆರಳು ನೆಟ್ಟಗೆ ನಗುವ ಮುಖಕ್ಕೆ ಹೋಯಿತು.

"ಅಂಗಿ ತೋಳಲ್ಲಿ ಏನಿದು, ತೂತು ತೂತು?"

ಅಜ್ಜಿ ಥಟ್ಟನೆ ಬಾಯಿ ಹಾಕಿದಳು. "ಅಯ್ಯೋ, ದರ್ಜಿ ಮನೆ ಮಕ್ಕಳಿಗೆ ಯಾವತ್ತು ನೆಟ್ಟಗಿರೋ ಬಟ್ಟೆ ಸಿಕ್ಕಿದೆ ಮೇಡಂ!"

ಮೇಡಂ ನಕ್ಕರು. ಮಗುವಿನ ಕಡೆ ತಿರುಗಿ, "ಹಾಗಾದ್ರೆ ಮುಂದಿನ ವಾರದಿಂದ ನಾನು ಬರಲ್ಲಮ್ಮ" ಅಂದರು. ಇದಕ್ಕೆ ಅಜ್ಜಿ ಉತ್ತರ ಹೇಳಿಕೊಟ್ಟಿರಲಿಲ್ಲ. ಮೇಡಂ ಮೇಜಿಗೆ ಬಾಗಿ ಅದೂ ಇದೂ ತುಂಬಿಸಿ, ಸಹಿ ಹಾಕಿ, ಪೆನ್ನು ಚಾಚಿದರು. "ಬನ್ನಿ ಅಜ್ಜಿ, ನಿಮ್ಮದೊಂದು ಸಹಿ. ಮುಗೀತು."

ಅಜ್ಜಿ ಏಳಲು ಹೋದಳು. ಕಾಲ ಹತ್ತಿರ ಏನೋ ಜಗ್ಗಿತು.

ಬಗ್ಗಿ ನೋಡಿದಳು. ಹಾಡಹಗಲು! ಮೇಡಂ ಬರೆಯುತ್ತಿದ್ದಷ್ಟು ಹೊತ್ತೂ ಮಗು ತನ್ನ ತೋಳನ್ನು ಅಜ್ಜಿಯ ಉದ್ದಂಗಿಯ ಅಂಚಿಗೆ ಹೊಲಿಯುತ್ತಾ ಕೂತಿತ್ತು. ಸೂಜಿ ಇನ್ನೂ ಕೈಯಲ್ಲೇ ಇತ್ತು.

ಮೇಜು ಅಡ್ಡ ಇದೆ, ಮೇಡಂಗೆ ಕಂಡಿಲ್ಲ. ಕತ್ತರಿ ಅಜ್ಜಿಯ ಕೊರಳಲ್ಲೇ ನೇತಾಡುತ್ತಿದೆ. ಒಂದು ಸಲ ಕಚಕ್ ಅಂದರೆ ಆಯಿತು. ಎದ್ದು ಹೋಗಿ ಸಹಿ ಹಾಕಿದರೆ ಮಗು ತನ್ನದು, ಯಾರೂ ಕೇಳುವ ಹಾಗಿಲ್ಲ. ಕತ್ತರಿ ಬಾಯಿ ಬಿಟ್ಟು ದಾರದ ತನಕ ಹೋಯಿತು. ಮಗು ಕತ್ತರಿಯನ್ನೇ ನೋಡುತ್ತಿತ್ತು. ಅಳಲಿಲ್ಲ, ಬೇಡ ಅನ್ನಲಿಲ್ಲ. ಇನ್ನೊಂದು ಕೈಯಿಂದ ಹೊಲಿಗೆಯನ್ನು ಮುಚ್ಚಿಕೊಂಡಿತು, ಅಷ್ಟೇ.

ಕತ್ತರಿ ಅಲ್ಲೇ ನಿಂತಿತು.

"ಅಜ್ಜಿ?" ಮೇಡಂ ಕರೆದರು.

"ನಂಗೆ ಏಳೋಕಾಗಲ್ಲ ಮೇಡಂ." ಅಜ್ಜಿ ಕತ್ತರಿ ಕೆಳಗೆ ಬಿಟ್ಟಳು. "ನೀವೇ ಈ ಕಡೆ ಬಂದು ನೋಡಿ. ಇವಳು ಹೇಳಿದ್ದೆಲ್ಲ ನಾನು ಹೇಳಿಕೊಟ್ಟಿದ್ದು. ನಿದ್ದೆ ಇಲ್ಲ, ಏನೂ ಇಲ್ಲ. ದಿನಾ ಹೀಗೇ ಹೊಲ್ಕೋತಾಳೆ. ನಿಜ ಹೇಳಿದ್ರೆ ಕರ್ಕೊಂಡು ಹೋಗ್ತಾರೆ ಅಂತ ನಾನೇ ಹೆದರಿಸಿಟ್ಟಿದ್ದೆ. ಈಗ ಏನು ಬೇಕಾದ್ರೂ ಬರ್ಕೊಳ್ಳಿ."

ಮೇಡಂ ಎದ್ದು ಬಂದರು, ನೋಡಿದರು, ನೆಲದಲ್ಲೇ ಕೂತರು. ಆಮೇಲೆ ಮೆಲ್ಲಗೆ, "ಕರ್ಕೊಂಡು ಹೋಗೋದಿದ್ರೆ ಹನ್ನೆರಡು ವಾರ ಯಾಕೆ ಬರ್ತಿದ್ದೆ ಅಜ್ಜಿ? ಇವಳು ನಿಮ್ಮ ಹತ್ರಾನೇ ಇರಲಿ ಅಂತ ತಾನೇ ಮನೆಗೆ ಬರೋದು?" ಅಂದರು. ಕೈ ಚಾಚಿ ಫೈಲು ಎಳೆದುಕೊಂಡು ತಮ್ಮ ಸಹಿಯನ್ನು ಹೊಡೆದುಹಾಕಿದರು. "ಮುಂದಿನ ಮಂಗಳವಾರ ಬರ್ತೀನಿ."

"ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ" ಅಂತ ಅಜ್ಜಿ ಹಣೆ ಬಡಿದುಕೊಂಡಳು.

ಮೇಡಂ ಮಗುವಿನ ಕಡೆ ಬಾಗಿದರು. "ಇದನ್ನ ಬಿಚ್ಚಲಾ?"

"ಬೇಡ."

ಇವತ್ತು ಹೇಳಿಕೊಡದೆ ಬಂದ ಮೊದಲ ಮಾತು. ಅಜ್ಜಿ ಸ್ಟೂಲಿನಿಂದ ಜಾರಿ ಕೆಳಗೆ ಕೂತು, ಇಷ್ಟು ದಿನ ಕೇಳದೆ ಉಳಿಸಿಕೊಂಡಿದ್ದನ್ನು ಕೊನೆಗೂ ಕೇಳಿದಳು: "ಯಾಕೆ ಕಂದಾ ಹೀಗೆ ಹೊಲಿತೀಯ?"

ಗುಂಡುಸೂಜಿ ಮೇಡಂ ಮುಖ ನೋಡಿತು, ಅಜ್ಜಿ ಮುಖ ನೋಡಿತು.

"ಅಮ್ಮನ್ನ ಕರ್ಕೊಂಡು ಹೋದಾಗ ನಂಗೆ ಹೊಲಿಯೋಕೆ ಬರ್ತಿರಲಿಲ್ಲ."