ಸಣ್ಣಕ್ಕನ ಎಡಗಣ್ಣು

ಬಟ್ಟೆಯಲ್ಲಿ ಬಿದ್ದ ತೂತನ್ನು ಅದೇ ಬಟ್ಟೆಯ ಅಂಚಿನಿಂದ ಎಳೆದ ನೂಲಲ್ಲಿ ತುಂಬಿ, ತೂತು ಎಲ್ಲಿತ್ತೆಂದು ಬಟ್ಟೆಯವರಿಗೇ ಗೊತ್ತಾಗದಂತೆ ಮಾಡುವುದು ರಫೂ ಕೆಲಸ. ಆ ಬೀದಿಯಲ್ಲಿ ಇಪ್ಪತ್ತೆರಡು ವರ್ಷ ಅದನ್ನು ಮಾಡುತ್ತ ಬಂದವಳು ದೊಡ್ಡಕ್ಕ ಒಬ್ಬಳೇ. ಮೈದುನನ ಮದುವೆಯಾಗಿ ಓರಗಿತ್ತಿ ಬಂದಾಗ, ದಪ್ಪ ಗಾಜಿನ ಕನ್ನಡಕದ ಈ ಹುಡುಗಿ ಮನೆಯಲ್ಲಿ ಕೂತು ಏನು ಮಾಡುತ್ತಾಳೆ ಪಾಪ ಎಂದು, ತಾನೇ ಅಂಗಡಿಗೆ ಕರೆತಂದು ಸೂಜಿ ಹಿಡಿಯಲು ಕಲಿಸಿದಳು. ಮೂರೇ ವರ್ಷದಲ್ಲಿ ಗಿರಾಕಿಗಳು ಬಾಗಿಲಲ್ಲಿ ನಿಂತು, "ಸಣ್ಣಕ್ಕ ಇಲ್ವಾ?" ಎಂದು ಕೇಳುವಂತಾಯಿತು.

ಇದ್ದರೆ ಸರಿ. ಇಲ್ಲದಿದ್ದರೆ, "ಆಮೇಲೆ ಬರ್ತೀವಿ" ಎಂದು ಬಟ್ಟೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟುಬಿಡುತ್ತಿದ್ದರು. ಎದುರಿಗೇ ಸೂಜಿ ಹಿಡಿದು ಕೂತ ದೊಡ್ಡಕ್ಕ ಅವರ ಕಣ್ಣಿಗೆ ಕುರ್ಚಿಗಿಂತ ಕಡೆ. ಮನೆಗೆ ಬಂದರೆ ಅತ್ತೆಯದೂ ಅದೇ ರಾಗ: "ಚಿಕ್ಕವಳ ಕೈಯಲ್ಲಿ ಏನೋ ಇದೆ ಕಣೆ!" ಹಾಗಾದರೆ ನನ್ನ ಕೈಯಲ್ಲಿ ಏನಿಲ್ಲ ಎಂದು ದೊಡ್ಡಕ್ಕ ಕೇಳುತ್ತಿರಲಿಲ್ಲ. ಪಾತ್ರೆಗಳನ್ನು ಮಾತ್ರ ಸ್ವಲ್ಪ ಜೋರಾಗಿ ಇಡುತ್ತಿದ್ದಳು.

ಒಂದು ಮಧ್ಯಾಹ್ನ ವಕೀಲರೊಬ್ಬರು ತಮ್ಮ ತಂದೆಯ ಕಾಲದ ಉಣ್ಣೆಯ ಕೋಟು ತಂದರು. ಹುಳ ತಿಂದು ತೋಳು ಜರಡಿಯಾಗಿತ್ತು. ದೊಡ್ಡಕ್ಕ ಕೈ ಚಾಚಿದಳು. ವಕೀಲರು ಕೋಟನ್ನು ಅವಳ ತಲೆಯ ಮೇಲಿಂದಲೇ ದಾಟಿಸಿ, "ಇದನ್ನ ನೀವೇ ಮಾಡ್ಬೇಕಮ್ಮ" ಎಂದು ಸಣ್ಣಕ್ಕನ ಮಡಿಲಿಗೆ ಹಾಕಿದರು. ದೊಡ್ಡಕ್ಕನ ಚಾಚಿದ ಕೈ ಅಲ್ಲೇ ಕತ್ತರಿಯನ್ನು ಹುಡುಕುವಂತೆ ತಡಕಾಡಿತು.

ಅವರು ಹೋದ ಮೇಲೆ ಸಣ್ಣಕ್ಕ ಕನ್ನಡಕ ತೆಗೆದು ಒರೆಸಿದಳು. ಮತ್ತೆ ತೆಗೆದಳು, ಮತ್ತೆ ಒರೆಸಿದಳು.

"ಅಕ್ಕಾ, ಬೆಳಿಗ್ಗೆಯಿಂದ ಎಡಗಣ್ಣಲ್ಲಿ ಸೊಳ್ಳೆ ಹಾರಾಡಿದ ಹಾಗೆ ಆಗ್ತಿದೆ. ಕಪ್ಪು ಚುಕ್ಕೆ, ಒಂದು ರಾಶಿ. ಪಕ್ಕದಲ್ಲಿ ಫಳ್ ಅಂತ ಮಿಂಚು ಬೇರೆ."

"ನೋವಿದ್ಯಾ?"

"ಇಲ್ಲ. ಅದೇ ವಿಚಿತ್ರ."

ದೊಡ್ಡಕ್ಕ ಸೂಜಿ ಕೆಳಗಿಟ್ಟಳು. ಈ ಮಾತನ್ನು ಅವಳು ಹಿಂದೆ ಕೇಳಿದ್ದಳು, ತನ್ನ ಅಪ್ಪನ ಬಾಯಲ್ಲಿ. ಚುಕ್ಕೆ, ಮಿಂಚು, ನೋವಿಲ್ಲ. ನೋವಿಲ್ಲವಲ್ಲ ಎಂದೇ ಅಪ್ಪ ಎರಡು ವಾರ ತಳ್ಳಿದ್ದ. ಕೊನೆಗೆ ಹೋದಾಗ ಕಣ್ಣೊಳಗಿನ ಪರದೆ ಪೂರ್ತಿ ಕಳಚಿತ್ತು. ಹೀಗೆ ಇದ್ದಕ್ಕಿದ್ದಂತೆ ಕಾಣಿಸಿದರೆ ಅದೇ ದಿನ ಓಡಿ ಬರಬೇಕು ಎಂದು ಡಾಕ್ಟರು ಅವಳನ್ನೇ ನಿಲ್ಲಿಸಿಕೊಂಡು ಗದರಿದ್ದರು. ಅಪ್ಪನ ಆ ಕಣ್ಣು ಮತ್ತೆ ಬೆಳಕು ಕಾಣಲಿಲ್ಲ.

ಹೇಳಬೇಕೆಂದು ಬಾಯಿ ತೆರೆದಳು. ಕಣ್ಣು ಸಣ್ಣಕ್ಕನ ಮಡಿಲಲ್ಲಿದ್ದ ಕೋಟಿನ ಮೇಲೆ ಬಿತ್ತು.

"ಉಷ್ಣ ಇರ್ಬೇಕು," ಎಂದಳು. "ಸ್ವಲ್ಪ ಮಲಗು, ಸರಿಹೋಗುತ್ತೆ."

ಸಣ್ಣಕ್ಕ ನಂಬಿದಳು, ಕೋಟನ್ನು ಅಕ್ಕನ ಕೈಗಿಟ್ಟು ಮಲಗಲು ಹೋದಳು. ಅಕ್ಕ ಹೇಳಿದ್ದನ್ನು ಅವಳು ಯಾವಾಗಲೂ ನಂಬುತ್ತಿದ್ದಳು. ಅದೂ ದೊಡ್ಡಕ್ಕನ ಮೈಯುರಿಸುತ್ತಿತ್ತು. ಉಳಿದ ಮಧ್ಯಾಹ್ನವೆಲ್ಲ ಕೋಟಿನ ತೋಳನ್ನು ದೊಡ್ಡಕ್ಕನೇ ಹಿಡಿದು ಕೂತಳು. ಬೇಕೆಂದಿದ್ದೇ ಕೈಗೆ ಬಂದಿತ್ತು. ಒಂದು ಎಳೆಯೂ ನೇರ ಬೀಳಲಿಲ್ಲ.

ಮರುದಿನ ಬೆಳಿಗ್ಗೆ ಸಣ್ಣಕ್ಕ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡಳು. "ಅಕ್ಕಾ, ಮಿಂಚು ನಿಂತಿದೆ. ಆದ್ರೆ ಈ ಪಕ್ಕ ಯಾರೋ ಕಪ್ಪು ಪರದೆ ಎಳೆದ ಹಾಗಿದೆ."

ದೊಡ್ಡಕ್ಕ ಒಲೆ ಆರಿಸಿದಳು, ಚಪ್ಪಲಿ ಮೆಟ್ಟಿದಳು, ಸಣ್ಣಕ್ಕನ ರಟ್ಟೆ ಹಿಡಿದು ಬೀದಿಗೆ ಎಳೆದಳು. "ಇಷ್ಟಕ್ಕೆಲ್ಲ ಆಸ್ಪತ್ರೆ ಯಾಕೆ?" ಎಂದು ಅತ್ತೆ ಕೂಗಿದ್ದಕ್ಕೆ, "ಇಷ್ಟಕ್ಕೇ!" ಎಂದು ತಿರುಗದೆಯೇ ಉತ್ತರ ಕೊಟ್ಟಳು.

ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹನಿ ಹಾಕಿ, ಪಾಪೆ ಅಗಲಿಸಿ, ದೀಪ ಬಿಟ್ಟು ಬಹಳ ಹೊತ್ತು ನೋಡಿದರು. "ಕಣ್ಣೊಳಗಿನ ಪರದೆ ಹರಿದು ಕಳಚ್ತಾ ಇದೆ. ದಪ್ಪ ಕನ್ನಡಕದವರಿಗೆ ಇದರ ಭಯ ಜಾಸ್ತಿ. ಪುಣ್ಯಕ್ಕೆ ನಡುಭಾಗ ಇನ್ನೂ ಅಂಟಿಕೊಂಡಿದೆ. ಇವತ್ತೇ ಆಪರೇಷನ್ ಮಾಡ್ತೀವಿ." ಕೈ ತೊಳೆಯುತ್ತ ಇನ್ನೊಂದು ಮಾತು ಸೇರಿಸಿದರು: "ಚುಕ್ಕೆ ಕಂಡ ನಿನ್ನೆಯೇ ಬಂದಿದ್ರೆ, ಬಹುಶಃ ಲೇಸರ್‌ನಲ್ಲೇ ಮುಗೀತಿತ್ತು."

ಸಣ್ಣಕ್ಕ, "ಉಷ್ಣ ಅಂದ್ಕೊಂಡ್ವಿ ಡಾಕ್ಟ್ರೇ" ಎಂದಳು. ಆ 'ವಿ' ದೊಡ್ಡಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು.

ಆಪರೇಷನ್ ಆಯಿತು. ಪರದೆಯನ್ನು ಒತ್ತಿ ಹಿಡಿಯಲೆಂದು ಕಣ್ಣೊಳಗೆ ಗಾಳಿಯ ಗುಳ್ಳೆ ಬಿಟ್ಟಿದ್ದರಿಂದ ಒಂದು ವಾರ ಮುಖ ಕೆಳಗೆ ಮಾಡಿಯೇ ಇರಬೇಕಿತ್ತು. ದೊಡ್ಡಕ್ಕ ಪಕ್ಕದಲ್ಲಿ ಕೂತು, ಬಗ್ಗಿದ ಆ ಬಾಯಿಗೆ ತುತ್ತು ಕೊಡುತ್ತಿದ್ದಳು. ಮೂರನೆಯ ದಿನ ತಡೆಯಲಾಗಲಿಲ್ಲ.

"ನನಗೆ ಗೊತ್ತಿತ್ತು ಕಣೆ. ನಮ್ಮಪ್ಪನಿಗೂ ಹೀಗೇ ಆಗಿತ್ತು. ಆ ದಿನವೇ ಗೊತ್ತಿತ್ತು."

ಸಣ್ಣಕ್ಕ ಅಗಿಯುವುದನ್ನು ನಿಲ್ಲಿಸಿದಳು. "ಮತ್ತೆ ಯಾಕೆ ಹೇಳ್ಲಿಲ್ಲ?"

"ಹೊಟ್ಟೆಕಿಚ್ಚು."

ಅವಳ ಮುಖ ಕಾಣುತ್ತಿರಲಿಲ್ಲ, ನೆತ್ತಿ ಮಾತ್ರ. "ತಟ್ಟೆ ತಗೊಂಡು ಹೋಗಿ," ಎಂದಳು ಸಣ್ಣಕ್ಕ. ಅಕ್ಕ ಎಂದು ಸೇರಿಸಲಿಲ್ಲ. ಮೂರು ದಿನ ಮಾತಿಲ್ಲ. ದೊಡ್ಡಕ್ಕ ಹೊತ್ತು ತಪ್ಪದೆ ಹನಿ ಹಾಕಿದಳು, ತುತ್ತು ಕೊಟ್ಟಳು, ಬೆನ್ನು ಒತ್ತಿದಳು. ವಾರದ ಕೊನೆಯ ದಿನ ಕೆಳಗಿನಿಂದ ದನಿ ಬಂತು: "ವಕೀಲರ ಕೋಟು ಏನಾಯ್ತು?"

"ನಾನೇ ಮಾಡ್ತಿದ್ದೀನಿ."

"ಎಳೆ ಬಿಗಿಯಾಗಿ ಎಳೀಬೇಡಿ ಅಕ್ಕ. ನೀವು ಯಾವಾಗ್ಲೂ ಬಿಗೀತೀರಿ. ಅದಕ್ಕೇ ನಿಮ್ಮದು ಸುಕ್ಕು ಬರೋದು."

ಮಲಗಿದಲ್ಲಿಂದಲೂ ಪಾಠ! ದೊಡ್ಡಕ್ಕನಿಗೆ ಸಿಟ್ಟು ಬಂತು. ಅದರ ಬೆನ್ನಿಗೇ ಅಳು. ಅಂಗಡಿಗೆ ಹೋಗಿ ಸುಕ್ಕು ಬಂದಲ್ಲೆಲ್ಲ ಬಿಚ್ಚಿ, ಸಡಿಲವಾಗಿ ಮತ್ತೆ ಹಾಕಿದಳು. ಈ ಸಲ ತೂತು ಎಲ್ಲಿತ್ತೆಂದು ಅವಳೇ ಹುಡುಕಬೇಕಾಯಿತು. ಚಿಕ್ಕವಳ ಮಾತೇ ಸರಿಯಾಯಿತಲ್ಲ ಎಂದು ಅದೂ ಉರಿಯಿತು.

ಎರಡು ತಿಂಗಳಿಗೆ ಸಣ್ಣಕ್ಕ ಅಂಗಡಿಗೆ ಮರಳಿದಳು. ಎಡಗಣ್ಣಲ್ಲಿ ಗೆರೆಗಳು ತುಸು ಡೊಂಕಾಗಿ ಕಾಣುತ್ತಿದ್ದವು, ಆದರೆ ಕಾಣುತ್ತಿದ್ದವು. ಮೊದಲ ಗಿರಾಕಿ ಒಳಗೆ ಬಂದವಳೇ, "ಅಯ್ಯೋ ಸಣ್ಣಕ್ಕ, ಬಂದ್ರಾ!" ಎಂದು ನೇರ ಅವಳ ಮೇಜಿನ ಬಳಿ ನಡೆದಳು. ದೊಡ್ಡಕ್ಕನ ಹೊಟ್ಟೆಯಲ್ಲಿ ಹಳೆಯ ಕಿಚ್ಚು ತಪ್ಪದೆ ಹೊತ್ತಿಕೊಂಡಿತು. ಗಿರಾಕಿ ಹೋದ ಮೇಲೆ ಎದ್ದು ಹೋಗಿ ಸಣ್ಣಕ್ಕನ ಎದುರು ನಿಂತಳು.

"ಇವತ್ತು ಚುಕ್ಕೆ, ಮಿಂಚು ಏನಾದ್ರೂ ಇದ್ಯೇನೇ?"

"ಇಲ್ಲ ಅಕ್ಕ."

"ಬಲಗಣ್ಣಲ್ಲೂ ಇಲ್ವಾ?"

"ಇಲ್ಲ."

"ಕಂಡ್ರೆ ತಕ್ಷಣ ಹೇಳು. ನಾನು ಹೊಟ್ಟೆ ಉರ್ಕೊಂಡು ಕೂತಿದ್ರೂ ಹೇಳು," ಎಂದು ದೊಡ್ಡಕ್ಕ ತನ್ನ ಕುರ್ಚಿಗೆ ಮರಳಿದಳು.