ತಲೆ ಬಿಟ್ಟ ಅಳತೆ

ಗಡಿಯಾರಕ್ಕೆ ಏಳು ಸಾವಿರ, ಕೈಗಾಡಿಗೆ ಮುನ್ನೂರು, ರಿಪೇರಿಗೆ ಇನ್ನೆಷ್ಟೋ. ಹೊಸ ಹೊಲಿಗೆ ಯಂತ್ರಕ್ಕೆಂದು ಹೆಂಡತಿ ಕೂಡಿಟ್ಟ ದುಡ್ಡೆಲ್ಲ ಅಲ್ಲಿಗೆ ಕರಗಿತ್ತು. ಗುಜರಿಯಲ್ಲಿ ಕೋಟು ತೊಟ್ಟ ಯಜಮಾನನಂತೆ ನಿಂತಿದ್ದ ಆ ಎತ್ತರದ ಗಡಿಯಾರದ ಗತ್ತಿಗೆ ದರ್ಜಿ ಮರುಳಾಗಿದ್ದ. ಈಗ ಅದು ಅಂಗಡಿಯ ಮೂಲೆಯಲ್ಲಿ ಕುಡಿದವನ ಹಾಗೆ ಗೋಡೆಗೆ ಒರಗಿತ್ತು. ನೆಟ್ಟಗೆ ನಿಲ್ಲಿಸಹೋದರೆ ತಲೆಯ ಮೇಲಿನ ಕೆತ್ತನೆಯ ಕಿರೀಟ ತೊಲೆಗೆ ತಾಗುತ್ತಿತ್ತು.

"ಅಳತೆ ತಗೊಂಡಿದ್ರಿ ತಾನೆ?" ಎಂದಳು ಹೆಂಡತಿ, ಕಾಜಾ ಹೊಲಿಯುತ್ತಲೇ.

"ತಗೊಂಡೆ. ಭುಜದಿಂದ ಪಾದದವರೆಗೆ..."

ಹೇಳಿ ಮುಗಿಸುವ ಮೊದಲೇ ದರ್ಜಿಗೆ ತಪ್ಪು ಹೊಳೆಯಿತು. ಬದುಕಿಡೀ ಜನರನ್ನು ಅಳೆದ ಕೈ. ತಲೆಗೆ ಟೇಪು ಹಿಡಿದ ಅಭ್ಯಾಸವೇ ಅದಕ್ಕಿರಲಿಲ್ಲ.

"ಸರಿ ಹೋಯ್ತು! ಗಿರಾಕಿಗೆ ತಲೆ ಇದ್ರೂ ಒಂದೇ, ಇಲ್ದಿದ್ರೂ ಒಂದೇ ನಿಮಗೆ."

ಮಾರಿದವನು ವಾಪಸ್ಸು ತೆಗೆದುಕೊಳ್ಳುವ ಆಸಾಮಿಯಲ್ಲ. ದರ್ಜಿ ಗರಗಸ ತಂದು ಗಡಿಯಾರದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತ. "ಕೆಳಗೆ ನಾಲ್ಕು ಬೆರಳು ಕೊಯ್ದ್ರೆ ಆಯ್ತು."

"ಇಷ್ಟು ಕಾಲ ನೆಟ್ಟಗೆ ನಿಂತಿದ್ದು, ನಮ್ಮಲ್ಲಿಗೆ ಬಂದು ಕುಂಟಬೇಕಾ? ಉದ್ದ ಜಾಸ್ತಿಯಾದ್ರೆ ಕತ್ತರಿಸ್ಬೇಡ, ಒಳಗೆ ಮಡಚು ಅಂತ ನಂಗೆ ಕಲಿಸಿದ್ಯಾರು?"

ಅವಳು ಸೂಜಿಯನ್ನು ರವಿಕೆಯ ತೋಳಿಗೆ ಚುಚ್ಚಿಕೊಂಡು, ಮೂಲೆಯ ಹಾಸುಗಲ್ಲಿನ ಸಂದಿಗೆ ಹಾರೆ ಹಾಕಿದಳು. ಕಲ್ಲು ಎದ್ದಿತು. ಅಡಿಯ ಮಣ್ಣು ತೆಗೆದು, ಬಡಿದು, ಇಟ್ಟಿಗೆ ಹಾಸಿ, ಇಬ್ಬರೂ ಗಡಿಯಾರವನ್ನು ಗುಂಡಿಗೆ ಇಳಿಸಿದರು. ಕಿರೀಟಕ್ಕೂ ತೊಲೆಗೂ ನಡುವೆ ಒಂದು ಕಾಗದ ತೂರುವಷ್ಟು ಜಾಗ ಉಳಿಯಿತು.

ಮರುದಿನ ರಿಪೇರಿಯವನು ಬಂದು ಸವೆದ ಚಕ್ರ ಬದಲಿಸಿ, ಎಣ್ಣೆ ಬಿಟ್ಟು, ಲೋಲಕ ತೂಗಿಬಿಟ್ಟ. ಹೊಲಿಗೆ ಯಂತ್ರದ ಕಡೆ ನೋಡಿದವನೇ ತಲೆಯಾಡಿಸಿದ. "ಅಣ್ಣಾ, ಬೇಜಾರಾಗ್ಬೇಡಿ. ಇದರ ಅದುರಾಟಕ್ಕೆ ಗಡಿಯಾರ ನಿಂತೋಗತ್ತೆ."

ಹೆಂಡತಿ ಯಂತ್ರಕ್ಕೆ ಕೂತು, ದಪ್ಪ ಕ್ಯಾನ್ವಾಸು ಒಡ್ಡಿ, ಮೈಮೇಲೆ ದೇವರು ಬಂದವಳಂತೆ ತುಳಿದಳು. ಕಿಟಕಿಯ ಗಾಜು ಗಲಗಲ ಎಂದಿತು. ಕತ್ತರಿ ಸರಿಯುತ್ತ ಸರಿಯುತ್ತ ಮೇಜಿನಿಂದ ಬಿತ್ತು. ಅದುರುವ ಹಾಸುಗಲ್ಲಿನ ನಂಟು ಬಿಟ್ಟು ಮಣ್ಣಿನಲ್ಲಿ ಕಾಲೂರಿದ್ದ ಗಡಿಯಾರ ಮಾತ್ರ ತನ್ನ ಪಾಡಿಗೆ ತಾನು ಟಿಕ್ ಟಿಕ್ ಎನ್ನುತ್ತಿತ್ತು.

"ಇದು ಗೊತ್ತಿದ್ದೇ ಅಗೆದ್ಯೇನೆ?" ಎಂದ ದರ್ಜಿ.

"ಎಲ್ಲಿಂದ ಗೊತ್ತು! ನಿಮ್ಮ ಗರಗಸ ತಪ್ಪಿಸಿದ್ರೆ ಸಾಕಾಗಿತ್ತು."

ಕೊರಳಿಗೆ ಟೇಪು ಹಾಕಿಕೊಂಡು, ಬೆವರಿದ ಅವಳ ಮುಖವನ್ನು ಅವನು ಹೊಸದಾಗಿ ಕಂಡವನಂತೆ ನೋಡುತ್ತ ನಿಂತ.

ಆ ವರ್ಷ ಹೊಸ ಯಂತ್ರ ಬರಲಿಲ್ಲ. ಹಳೆಯದನ್ನೇ ಇಬ್ಬರೂ ಸರದಿಯಲ್ಲಿ ತುಳಿದರು. ಗಡಿಯಾರ ನಡೆಯಿತು.